ನಾಲ್ಕೇ ದಿನದಲ್ಲಿ ಕರಗಿದ ಸೇನೆ

1941ರ ಆಗಸ್ಟ್ 25ರ ನಸುಕಿನಲ್ಲಿ ಇರಾನಿನ ಮೇಲೆ ದಾಳಿಯಾಯಿತು. ಉತ್ತರದಿಂದ ಸೋವಿಯತ್ ಸೇನೆ, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷ್ ಸೇನೆ ನುಗ್ಗಿದವು. ಎರಡನೆಯ ಮಹಾಯುದ್ಧದಲ್ಲಿ ತಾನು ತಟಸ್ಥನೆಂದು ಇರಾನ್ ಸಾರಿತ್ತು. ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಜರ್ಮನ್ನರನ್ನು ದೇಶದಿಂದ ಹೊರಹಾಕಲಿಲ್ಲ ಎಂಬುದು ನೆಪ. ಕಣ್ಣಿದ್ದದ್ದು ಅಬಾದಾನಿನ ತೈಲದ ಮೇಲೆ, ರಷ್ಯಾಕ್ಕೆ ಯುದ್ಧಸಾಮಗ್ರಿ ಸಾಗಿಸಬಲ್ಲ ರೈಲುಮಾರ್ಗದ ಮೇಲೆ. ಜನರು ಕುಡಿಯುವ ಚಹಾ, ಬಳಸುವ ಸಕ್ಕರೆಯ ಮೇಲೆ ತೆರಿಗೆ ಹಾಕಿ 1938ರಲ್ಲಿ ಮುಗಿಸಿದ ಮಾರ್ಗವದು.

ದೊರೆ ರೆಜಾ ಷಾ ಸ್ವತಃ ಸೈನಿಕ. 1921ರಲ್ಲಿ ಸೇನೆಯ ಬಲದಿಂದಲೇ ಮೇಲೆ ಬಂದವನು. 1925ರಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾನೂನು ತಂದು, ಒಂದು ಲಕ್ಷಕ್ಕೂ ಮಿಕ್ಕಿದ ಸೇನೆ ಕಟ್ಟಿದ. ಟ್ಯಾಂಕು, ವಿಮಾನ, ಯುದ್ಧನೌಕೆ ಎಲ್ಲವೂ ಇದ್ದವು. ಆದರೆ ಆ ಸೇನೆಗೆ ರೂಢಿಯಾಗಿದ್ದ ಯುದ್ಧ ಯಾವುದು? ಲೂರ್, ಕಶ್ಕಾಯಿ ಮುಂತಾದ ಬುಡಕಟ್ಟುಗಳನ್ನು ಬಗ್ಗುಬಡಿಯುವುದು. 1935ರಲ್ಲಿ ಮಶಹದ್‌ನ ಗೌಹರ್‌ಶಾದ್ ಮಸೀದಿಯಲ್ಲಿ ನೆರೆದ ನಿರಾಯುಧ ಜನರ ಮೇಲೆ ಗುಂಡು ಹಾರಿಸಿದ್ದೂ ಇದೇ ಸೇನೆ. ಅದರ ಬಂದೂಕಿನ ಬಾಯಿ ಗಡಿಯತ್ತ ತಿರುಗಿದ್ದಕ್ಕಿಂತ ಊರಿನತ್ತ ತಿರುಗಿದ್ದೇ ಹೆಚ್ಚು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎರಡೂ ದೇಶಗಳಿಂದ ಎಚ್ಚರಿಕೆಯ ಪತ್ರಗಳು ಬಂದಿದ್ದವು. ಆದರೂ ದಾಳಿಯ ದಿನ ಖುರ್ರಮ್‌ಶಹರ್ ಮತ್ತು ಅಬಾದಾನಿನ ಬಂದರುಗಳಲ್ಲಿ ಇರಾನಿನ ನೌಕೆಗಳು ಲಂಗರು ಹಾಕಿದಲ್ಲೇ ಮುಳುಗಿದವು. ನೌಕಾಪಡೆಯ ಮುಖ್ಯಸ್ಥ ಬಾಯಂದೋರ್ ಅಂದೇ ಹೋರಾಡುತ್ತ ಮಡಿದ. ಆತನಂತೆ ಕಾದಾಡಿದವರು ಅಲ್ಲಲ್ಲಿ ಇದ್ದರು. ಅವರನ್ನು ಮರೆಯಬಾರದು. ಇನ್ನೊಂದನ್ನೂ ಮರೆಯಬಾರದು: ಬ್ರಿಟಿಷರ ಪರವಾಗಿ ಈ ದಾಳಿಗೆ ಇಳಿದವರಲ್ಲಿ ದೊಡ್ಡ ಪಾಲು ಭಾರತೀಯ ಸೈನಿಕರದ್ದು. ಒಂದು ಗುಲಾಮ ದೇಶದ ರೈತರ ಮಕ್ಕಳು ಇನ್ನೊಂದು ದೇಶದ ರೈತರ ಮಕ್ಕಳ ಎದುರು ನಿಂತಿದ್ದರು.

ಆಗಸ್ಟ್ 28ರಂದು ಫರೂಗಿಯ ಹೊಸ ಸರಕಾರ ಕದನ ನಿಲ್ಲಿಸಲು ಆಜ್ಞಾಪಿಸಿತು. ಎರಡು ದಿನಗಳ ನಂತರ ಸೇನಾಧಿಕಾರಿಗಳು ಕಡ್ಡಾಯ ಸೇವೆಯ ಸೈನಿಕರನ್ನು ಬ್ಯಾರಕ್ಕುಗಳಿಂದ ಹೊರಗೆ ಬಿಟ್ಟರು. ಕೈಯಲ್ಲಿ ಕಾಸಿಲ್ಲದೆ, ಹೊಟ್ಟೆಗಿಲ್ಲದೆ ಅವರು ನಡೆಯುತ್ತ ಹಳ್ಳಿಗಳ ದಾರಿ ಹಿಡಿದರು. ಕೆರಳಿದ ಷಾ ಸೇನಾಪತಿಗಳನ್ನು ಹೊಡೆದು ಬಂಧಿಸಿದ. ಆದರೆ ಯಾರೂ ತನ್ನೆದುರು ಸತ್ಯ ನುಡಿಯದಂತೆ ಹೆದರಿಸಿಟ್ಟವನು ಅವನೇ ಅಲ್ಲವೆ?

ಎರಡು ಮಹಾಶಕ್ತಿಗಳನ್ನು ಇರಾನ್ ತಡೆಯಬಲ್ಲದಾಗಿತ್ತು ಎಂದರೆ ಅತಿಶಯೋಕ್ತಿಯಾದೀತು. ಸೋಲು ಬಹುಶಃ ಖಚಿತವಿತ್ತು. ಆದರೆ ಸೋಲುವುದು ಬೇರೆ, ಕರಗಿಹೋಗುವುದು ಬೇರೆ. ಹೆದರಿಕೆಯಿಂದ ಕಟ್ಟಿದ ಸೇನೆ ಹೆಚ್ಚು ಹೆದರಿಸುವವನು ಬಂದಾಗ ನಿಲ್ಲಲಿಲ್ಲ.

ಸೆಪ್ಟೆಂಬರ್ 16ರಂದು ರೆಜಾ ಷಾ ಸಿಂಹಾಸನ ಬಿಟ್ಟ. ದೇಶಭ್ರಷ್ಟನಾಗಿ ಹೊರಟವನಿಗೆ ಬೊಂಬಾಯಿಯಲ್ಲಿ ಇಳಿಯಲೂ ಬ್ರಿಟಿಷರು ಬಿಡಲಿಲ್ಲ. ಮಾರಿಷಸ್‌ಗೆ ಒಯ್ದರು. 1944ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಅವನು ಹೋದಾಗ ಅತ್ತವರು ಕಡಿಮೆ. ಆದರೆ ಪರದೇಶದ ಸೇನೆಗಳು 1946ರವರೆಗೂ ಉಳಿದವು. 1942-43ರಲ್ಲಿ ಆಹಾರವಿಲ್ಲದೆ ಸತ್ತವರು ಸಾಮಾನ್ಯ ಜನರು. ಚಹಾ, ಸಕ್ಕರೆಗೆ ತೆರಿಗೆ ಕಟ್ಟಿದವರೂ ಅವರೇ.