ವುವುಜೆಲಾ ತಕರಾರು

ಜಾತ್ರೆಗೆ ಹೋದ ಮಗು ಪೀಪಿಯಿಲ್ಲದೆ ಮನೆಗೆ ಮರಳುವುದಿಲ್ಲ. ಆ ಒಂದು ಪೀಪಿ ಎರಡು ದಿನ ಮನೆಮಂದಿಯ ತಲೆ ಚಿಟ್ಟು ಹಿಡಿಸಲು ಸಾಕು. ಎರಡಡಿಗೂ ಮಿಕ್ಕ ಉದ್ದದ ಅಂಥ ಪೀಪಿಗಳನ್ನು ಸಾವಿರಾರು ಮಂದಿ ದೊಡ್ಡವರು ಒಂದೂವರೆ ಗಂಟೆ ಎಡೆಬಿಡದೆ ಊದಿದರೆ ಹೇಗಿದ್ದೀತು? 2010ರ ಜೂನ್ 11ರಿಂದ ಜುಲೈ 11ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ಟೆಲಿವಿಷನ್ನಿನಲ್ಲಿ ನೋಡಿದವರಿಗೆ ಉತ್ತರ ಗೊತ್ತು. ಪೆಟ್ಟಿಗೆಯೊಳಗೆ ಹೆಜ್ಜೇನು ಗೂಡು ಕಟ್ಟಿದೆಯೋ ಎಂಬಂತಿದ್ದ ಆ ಝೇಂಕಾರದ ಮೂಲ, ವುವುಜೆಲಾ ಎಂಬ ಪ್ಲಾಸ್ಟಿಕ್ ತುತ್ತೂರಿ. ಅದಕ್ಕೆ ರಂಧ್ರಗಳಿಲ್ಲ, ರಾಗದ ಗೊಡವೆಯಿಲ್ಲ. ತುಟಿ ಬಿಗಿಹಿಡಿದು ಊದಿದರೆ ಹೊರಡುವುದು ಒಂದೇ ಸ್ವರ.

ತಕರಾರು ಎದ್ದದ್ದು ಹಿಂದಿನ ವರ್ಷವೇ. 2009ರ ಜೂನ್‌ನಲ್ಲಿ ಅಲ್ಲಿಯೇ ಕಾನ್ಫೆಡರೇಷನ್ಸ್ ಕಪ್ ನಡೆದಾಗ, ಇದನ್ನು ನಿಷೇಧಿಸಬೇಕೆಂದು ಸ್ಪೇನಿನ ಆಟಗಾರ ಶಾಬಿ ಅಲೊನ್ಸೊ ಹೇಳಿದರು. ಪ್ರಸಾರ ಸಂಸ್ಥೆಗಳೂ ದೂರಿದವು. ಫಿಫಾದ ಅಂದಿನ ಅಧ್ಯಕ್ಷ ಸೆಪ್ ಬ್ಲಾಟರ್ ಒಪ್ಪಲಿಲ್ಲ. ಆಫ್ರಿಕದ ವಿಶ್ವಕಪ್ಪನ್ನು ಯೂರೋಪಿನ ಅಚ್ಚಿಗೆ ಹಾಕಬಾರದು ಎಂಬುದು ಅವರ ವಾದ. ಮರುವರ್ಷ ಕೂಟ ಆರಂಭವಾದ ಮೇಲೆ, ಜತೆ ಆಟಗಾರನ ಕೂಗೂ ಕೇಳಿಸದು ಎಂದರು ಅರ್ಜೆಂಟೀನಾದ ಮೆಸ್ಸಿ. ಬೆಳಗಿನಿಂದಲೇ ಊದತೊಡಗುವುದರಿಂದ ನಿದ್ದೆಯಿಲ್ಲ ಎಂದರು ಫ್ರಾನ್ಸಿನ ನಾಯಕ ಎವ್ರಾ. (ಆ ತಂಡ ತನ್ನೊಳಗಿನ ಜಗಳದಿಂದ ಮೊದಲ ಸುತ್ತಿನಲ್ಲೇ ಮನೆಗೆ ಹೋದದ್ದು ಬೇರೆ ಮಾತು.) ಕಿವಿಗೆ ತೀರ ಹತ್ತಿರ ಊದಿದರೆ 127 ಡೆಸಿಬೆಲ್, ಅಂದರೆ ರೆಫರಿಯ ಸೀಟಿಗಿಂತಲೂ ಹೆಚ್ಚು ಎಂದು ಅಳೆದು ಹೇಳಿದವರೂ ಇದ್ದರು.

ಆದರೆ ಅಭಿಮಾನಿಗಳ ನಡುವೆ ನಡೆದ ಚರ್ಚೆಯೇ ಹೆಚ್ಚು ಸ್ವಾರಸ್ಯದ್ದು. ಒಂದು ಪಕ್ಷದವರ ಮಾತು ಹೀಗೆ: ಪ್ರೇಕ್ಷಕರ ದನಿಯೇ ಆಟದ ನಾಡಿ, ಚೆಂಡು ಗೋಲಿನತ್ತ ಸಾಗಿದಾಗ ಏರಬೇಕು, ತಪ್ಪಿದಾಗ ನಿಟ್ಟುಸಿರಾಗಿ ಇಳಿಯಬೇಕು. ವುವುಜೆಲಾಕ್ಕೆ ಗೋಲಾದರೂ ಒಂದೇ, ಆಟ ತೂಕಡಿಸಿದರೂ ಒಂದೇ. ಎದುರು ಪಕ್ಷದವರು ಕೇಳಿದರು: ನಿಮ್ಮ ಮೈದಾನಗಳಲ್ಲಿ ನೀವು ಕಂಠ ಹರಿಯುವಂತೆ ಹಾಡಿದರೆ ಅದು ಸಂಸ್ಕೃತಿ, ನಮ್ಮ ಮೈದಾನದಲ್ಲಿ ನಾವು ಊದಿದರೆ ಗದ್ದಲವೇ?

ಈ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವಿದೆ. ದಕ್ಷಿಣ ಆಫ್ರಿಕದಲ್ಲಿ ರಗ್ಬಿ, ಕ್ರಿಕೆಟ್‌ಗಳು ಬಹುಮಟ್ಟಿಗೆ ಬಿಳಿಯರ ಹೆಮ್ಮೆಯಾದರೆ, ಫುಟ್‌ಬಾಲ್ ಕರಿಯರ ಆಟ. ವರ್ಣಭೇದ ನೀತಿಯ ಸರಕಾರವಿದ್ದ ಆ ದೇಶವನ್ನು ಫಿಫಾ 1961ರಲ್ಲಿ ಅಮಾನತಿನಲ್ಲಿಟ್ಟಿತು. 1963ರಲ್ಲಿ ಮನ್ನಿಸಿ, ಮರುವರ್ಷ ಮತ್ತೆ ಹೊರಗಿಟ್ಟಿತು. 1976ರ ಜೂನ್ 16ರಂದು, ಆಫ್ರಿಕಾನ್ಸ್ ಮಾಧ್ಯಮದ ಹೇರಿಕೆಯನ್ನು ವಿರೋಧಿಸಿ ಬೀದಿಗಿಳಿದ ಸೊವೆಟೊದ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ವರ್ಷ ಫಿಫಾ ಆ ದೇಶವನ್ನು ಹೊರಹಾಕಿತು. ಮತ್ತೆ ಅಂತಾರಾಷ್ಟ್ರೀಯ ಪಂದ್ಯ ಕಂಡದ್ದು 1992ರ ಜುಲೈ 7ರಂದು, ಡರ್ಬನ್ನಿನಲ್ಲಿ. ಕ್ಯಾಮೆರೂನ್ ಮೇಲೆ 1-0 ಗೆಲುವು. ವಿಶ್ವಕಪ್ಪಿನ ಮೊದಲ ಪಂದ್ಯ ನಡೆದ ಜೊಹಾನ್ಸ್‌ಬರ್ಗಿನ ಸಾಕರ್ ಸಿಟಿಯಾದರೂ, ಸೆರೆಯಿಂದ ಬಿಡುಗಡೆಯಾದ ಮಂಡೇಲಾ 1990ರ ಫೆಬ್ರವರಿಯಲ್ಲಿ ಮಹಾಸಭೆಯನ್ನುದ್ದೇಶಿಸಿ ಮಾತಾಡಿದ್ದ ಜಾಗ. ಅಂಥಲ್ಲಿ ಕುಳಿತವನಿಗೆ ಹೊರಗಿನವನೊಬ್ಬ ಬಂದು ‘ಸದ್ದು ಮಾಡಬೇಡ’ ಎಂದರೆ, ಅದು ಕೇವಲ ತುತ್ತೂರಿಯ ಮಾತಾಗಿ ಕೇಳಿಸಲಾರದು.

ಹಾಗೆಂದು ಇದನ್ನು ಅನಾದಿ ಸಂಪ್ರದಾಯವೆಂದು ಪೂಜೆಗಿಡುವುದೂ ಸರಿಯಲ್ಲ. ಹಳ್ಳಿಗರನ್ನು ಸಭೆ ಕರೆಯುತ್ತಿದ್ದ ಕೂಡು ಜಿಂಕೆಯ ಕೊಂಬೇ ಇದರ ಮೂಲ ಎಂಬ ಕಥೆ ಆಗ ಪತ್ರಿಕೆಗಳಲ್ಲೆಲ್ಲ ಹರಿದಾಡಿತು. ಕೈಜರ್ ಚೀಫ್ಸ್ ತಂಡದ ಹಳೆಯ ಅಭಿಮಾನಿ ಫ್ರೆಡ್ಡಿ ಮಾಕೆ, 1965ರಲ್ಲಿ ತಾವೇ ಸೈಕಲ್ ಹಾರ್ನಿನ ರಬ್ಬರ್ ಉಂಡೆ ಕಿತ್ತು ಬಾಯಿಂದ ಊದಿ ಇದನ್ನು ಕಂಡುಹಿಡಿದದ್ದೆಂದಿದ್ದರು. ಇಸಾಯ ಶೆಂಬೆ ಸ್ಥಾಪಿಸಿದ ನಜರೆತ್ ಬ್ಯಾಪ್ಟಿಸ್ಟ್ ಚರ್ಚಿನವರು, ಇದು ತಮ್ಮ ಆರಾಧನೆಯ ಕಹಳೆಯೆಂದು ಹಕ್ಕು ಸಾರಿದರು. ನಿರ್ವಿವಾದದ್ದು ಇಷ್ಟೇ: ಕೇಪ್‌ಟೌನ್ ಕಡೆಯ ನೀಲ್ ವಾನ್ ಸ್ಕಾಲ್ಕ್‌ವಿಕ್ ಎಂಬವರ ಕಾರ್ಖಾನೆ 2001ರ ಸುಮಾರಿಗೆ ಪ್ಲಾಸ್ಟಿಕ್ ವುವುಜೆಲಾಗಳನ್ನು ರಾಶಿಗಟ್ಟಲೆ ತಯಾರಿಸತೊಡಗಿತು. ಜಗತ್ತು ‘ಸಂಪ್ರದಾಯ’ವೆಂದು ವಾದಿಸಿದ್ದರ ವಯಸ್ಸು ಹತ್ತು ವರ್ಷ ಕೂಡ ಆಗಿರಲಿಲ್ಲ.

ಈ ತುತ್ತೂರಿ ತಮ್ಮ ಹಾಡನ್ನೇ ನುಂಗಿತು ಎಂದು ಕೊರಗಿದವರು ದಕ್ಷಿಣ ಆಫ್ರಿಕದಲ್ಲೇ ಇದ್ದರು. ನನಗೆ ಹೆಚ್ಚು ತಟ್ಟುವುದು ಈ ಕೊರಗೇ. ಅಲ್ಲಿನ ಮೈದಾನಗಳಲ್ಲಿ ಜನ ಎದ್ದುನಿಂತು ಹಾಡುವ ‘ಶೋಶೊಲೊಜಾ’, ನೆರೆನಾಡುಗಳಿಂದ ರೈಲು ಹತ್ತಿ ಗಣಿಗಳಿಗೆ ದುಡಿಯಲು ಬಂದವರ ಹಾಡು. ಒಬ್ಬ ಎತ್ತಿಕೊಡುವುದು, ಉಳಿದವರು ದನಿಗೂಡಿಸುವುದು ಅದರ ಕ್ರಮ. ಹೊಟ್ಟೆಪಾಡಿಗೆ ಊರು ಬಿಟ್ಟವರ ಆ ಹಾಡಿಗೆ ಏರಿಳಿತವಿತ್ತು, ಮಾತಿತ್ತು. ಅದು ಕೇಳಿಸದಂತಾದದ್ದು ಯೂರೋಪಿನವರ ನಿದ್ದೆ ಕೆಟ್ಟದ್ದಕ್ಕಿಂತ ದೊಡ್ಡ ನಷ್ಟ.

ಆದರೂ ಈ ಒಂದು ಸ್ವರದ ವಾದ್ಯಕ್ಕೆ ಒಂದು ಗುಣವಿತ್ತು: ಅದನ್ನೂದಲು ಭಾಷೆ ಬೇಕಿರಲಿಲ್ಲ. ವಿಶ್ವಕಪ್ಪಿಗೆ ಕೆಲವೇ ದಿನ ಮುಂಚೆ, 2010ರ ಮೇ ತಿಂಗಳಲ್ಲಿ, ಪ್ರಿಟೋರಿಯದ ಬುಲ್ಸ್ ರಗ್ಬಿ ತಂಡದ ಸ್ವಂತ ಮೈದಾನವನ್ನು ಫುಟ್‌ಬಾಲಿಗೆಂದು ಬಿಟ್ಟುಕೊಡಬೇಕಾಯಿತು. ಆ ತಂಡ ಸೂಪರ್ 14 ಸೆಮಿಫೈನಲ್ಲನ್ನೂ ಮೇ 29ರ ಫೈನಲ್ಲನ್ನೂ ಸೊವೆಟೊದ ಒರ್ಲಾಂಡೊ ಕ್ರೀಡಾಂಗಣದಲ್ಲಿ ಆಡಿತು. ಬೆಂಬಲಿಗರು ಹೆಚ್ಚಾಗಿ ಆಫ್ರಿಕಾನ್ಸ್ ಮಾತಿನ ಬಿಳಿಯರು. ಅವರಲ್ಲಿ ಎಷ್ಟೋ ಮಂದಿ ಸೊವೆಟೊಗೆ ಕಾಲಿಟ್ಟದ್ದು ಅದೇ ಮೊದಲು. ತಂಡದ ನೀಲಿ ಅಂಗಿ ತೊಟ್ಟು, ಕೈಯಲ್ಲಿ ವುವುಜೆಲಾ ಹಿಡಿದು ಬಂದರು. ಅಲ್ಲಿನ ಬೀದಿಗಳಲ್ಲಿ, ಪಾನಗೃಹಗಳಲ್ಲಿ ಊರಿನವರ ಜತೆ ಬೆರೆತು ಊದಿದರು. ಮೂವತ್ತನಾಲ್ಕು ವರ್ಷದ ಹಿಂದೆ ಆಫ್ರಿಕಾನ್ಸ್ ಬೇಡವೆಂದ ಮಕ್ಕಳು ಬಿದ್ದ ಊರು ಅದು. ಅಂದು ಬುಲ್ಸ್ 25-17ರಿಂದ ಗೆದ್ದರು.

ವಿಶ್ವಕಪ್ಪಿನಲ್ಲಿ ಆತಿಥೇಯರು ಮೊದಲ ಸುತ್ತು ದಾಟಲಿಲ್ಲ. ಆ ಬಳಿಕ ಪ್ರೇಕ್ಷಕರು ಘಾನಾ ದೇಶವನ್ನೇ ತಮ್ಮದಾಗಿಸಿಕೊಂಡು, ತಮ್ಮ ತಂಡದ ‘ಬಫಾನ ಬಫಾನ’ ಎಂಬ ಅಡ್ಡಹೆಸರನ್ನು ತಿರುಚಿ ‘ಬಘಾನ ಬಘಾನ’ ಎನ್ನುತ್ತ ಊದಿದರು. ಕೂಟ ಮುಗಿದು ಎರಡು ತಿಂಗಳೊಳಗೆ, 2010ರ ಸೆಪ್ಟೆಂಬರ್ 1ರಂದು, ಯೂರೋಪಿನ ಫುಟ್‌ಬಾಲ್ ಒಕ್ಕೂಟ ತನ್ನ ಪಂದ್ಯಗಳಲ್ಲಿ ವುವುಜೆಲಾ ಕೂಡದೆಂದಿತು. 2014ರ ವಿಶ್ವಕಪ್ಪಿಗಾಗಿ ಬ್ರೆಜಿಲಿನ ಸಂಗೀತಗಾರ ಕಾರ್ಲಿನ್ಹೋಸ್ ಬ್ರೌನ್ ‘ಕಶಿರೋಲ’ ಎಂಬ ಗಿಲಕಿಯನ್ನು ರೂಪಿಸಿದರು, ಸರಕಾರವೂ ಮೆಚ್ಚಿತು. 2013ರ ಏಪ್ರಿಲ್‌ನಲ್ಲಿ ಸಾಲ್ವಡೋರ್ ನಗರದ ಪಂದ್ಯವೊಂದರಲ್ಲಿ, ತಮ್ಮ ತಂಡ ಸೋಲುತ್ತಿದೆಯೆಂಬ ಸಿಟ್ಟಿಗೆ, ಜನ ಅದನ್ನು ಕುಲುಕುವ ಬದಲು ಮೈದಾನಕ್ಕೆ ಎಸೆದರು. ಗಿಲಕಿ ಕ್ರೀಡಾಂಗಣದ ಬಾಗಿಲಲ್ಲೇ ಉಳಿಯಿತು.