ಮುಚ್ಚಳ ಬಿಚ್ಚಿದ ಕಲಾವಿದರು

1963ರ ಮಾರ್ಚ್‌ನಲ್ಲಿ ಜರ್ಮನಿಯ ವುಪ್ಪರ್ಟಾಲ್ ಊರಿನ ಪರ್ನಾಸ್ ಗ್ಯಾಲರಿಯಲ್ಲಿ 13 ಹಳೆಯ ಟಿವಿಗಳು ಅಡ್ಡಾದಿಡ್ಡಿಯಾಗಿ ಹರಡಿಕೊಂಡಿದ್ದವು. ಅವುಗಳ ಒಳಗೆ ಕೈ ಹಾಕಿ, ಪ್ರಸಾರವಾಗುತ್ತಿದ್ದ ಚಿತ್ರಗಳನ್ನು ತಿರುಚಿ ತಲೆಕೆಳಗು ಮಾಡಿದ್ದವರು ನಾಮ್ ಜೂನ್ ಪೈಕ್. ಸಿಯೋಲ್‌ನಲ್ಲಿ ಹುಟ್ಟಿ, ಟೋಕಿಯೋದಲ್ಲಿ ಓದಿ ಬಂದ ಅವರು ಮೂಲತಃ ಸಂಗೀತದವರು. ಎಲೆಕ್ಟ್ರಾನಿಕ್ಸ್ ಅವರು ತಾವಾಗಿಯೇ ಪುಸ್ತಕ ಓದಿ, ಬಿಚ್ಚಿ ಜೋಡಿಸಿ ಕಲಿತ ವಿದ್ಯೆ. ಸಾಗಿಸುವಾಗ ಒಂದು ಸೆಟ್ ಕೆಟ್ಟು, ಪರದೆ ತುಂಬ ಬರಬೇಕಾದ ಚಿತ್ರ ಒಂದೇ ಗೆರೆಯಾಗಿ ಕುಗ್ಗಿತು. ಪೈಕ್ ಅದನ್ನು ರಿಪೇರಿ ಮಾಡಿಸಲಿಲ್ಲ. ಪೆಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿದರು. ಅಡ್ಡಗೆರೆ ನೆಟ್ಟಗೆ ನಿಂತಿತು, 'ಝೆನ್ ಫಾರ್ ಟಿವಿ' ಎಂಬ ಕೃತಿಯಾಯಿತು. ಕಲಾವಿದರು ತಂತ್ರಜ್ಞಾನವನ್ನು ತಾವೇ ಕಟ್ಟಿಕೊಳ್ಳುವ ಪರಂಪರೆಗೆ ಈ ಪ್ರದರ್ಶನಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಾಣೆ. ಟಿವಿ ಅಂದು ಜನ ನೋಡುವುದಕ್ಕಷ್ಟೇ ಇದ್ದ ವಸ್ತು. ಅದರ ಹಿಂಬದಿಯ ಮುಚ್ಚಳ ಬಿಚ್ಚುವ ಅಧಿಕಾರ ಮೆಕ್ಯಾನಿಕ್‌ಗೆ ಮಾತ್ರ ಇತ್ತು. ಪೈಕ್ ಆ ಅಧಿಕಾರವನ್ನು ಕಲಾವಿದರ ಕೈಗೂ ಕೊಟ್ಟರು.

ಮುಂದೆ ಜಪಾನಿನ ಎಂಜಿನಿಯರ್ ಶುಯಾ ಆಬೆ ಅವರ ಜೊತೆ ಸೇರಿ ಪೈಕ್ ರೋಬೋ ಕಟ್ಟಿದರು, ಬಣ್ಣಗಳನ್ನು ಕಣ್ಣೆದುರೇ ಕಲಸುವ ವಿಡಿಯೋ ಸಿಂಥಸೈಸರ್ ಕಟ್ಟಿದರು. ಇಂಥ ಕೃತಿಗಳ ಆಯುಷ್ಯದ ಪ್ರಶ್ನೆಯೂ ಅಲ್ಲಿಂದಲೇ ಶುರು. ದಕ್ಷಿಣ ಕೊರಿಯಾದ ಗ್ವಾಚಿಯೋನ್ ಸಂಗ್ರಹಾಲಯದಲ್ಲಿರುವ ಅವರ 1988ರ ಗೋಪುರದಲ್ಲಿ 1003 ಟಿವಿಗಳಿವೆ. ಹಳತಾಗಿ ಅಪಾಯಕಾರಿಯಾದ ಕಾರಣ 2018ರಲ್ಲಿ ಅದನ್ನು ಆರಿಸಬೇಕಾಯಿತು. 2022ರಲ್ಲಿ ಮತ್ತೆ ಬೆಳಗಿದಾಗ 266 ಪರದೆಗಳು ಎಲ್‌ಸಿಡಿಗಳಾಗಿದ್ದವು, ಏಕೆಂದರೆ ಆ ಹಳೆಯ ಗಾಜಿನ ಪಿಕ್ಚರ್ ಟ್ಯೂಬ್ ಈಗ ಸಿಗುವುದೇ ದುರ್ಲಭ.

ಅಮೆರಿಕದಲ್ಲಿ ಇದೇ ಹಂಬಲ ಬೇರೆ ರೂಪ ತಾಳಿತು. ಬೆಲ್ ಪ್ರಯೋಗಾಲಯದ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ ಅವರ ಮುಂದಾಳತ್ವದಲ್ಲಿ 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸೇನಾ ಕಟ್ಟಡವೊಂದರಲ್ಲಿ 'ನೈನ್ ಈವ್ನಿಂಗ್ಸ್' ನಡೆಯಿತು. 10 ಕಲಾವಿದರಿಗೆ ಸುಮಾರು 30 ಎಂಜಿನಿಯರುಗಳ ಬೆಂಬಲ. ರೌಶೆನ್‌ಬರ್ಗ್ ಟೆನಿಸ್ ರಾಕೆಟ್ಟಿನ ಹಿಡಿಯಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಅಡಗಿಸಿದರು. ಚೆಂಡು ತಾಗಿದಾಗಲೆಲ್ಲ ಸದ್ದು ಮೊಳಗಿ ಒಂದೊಂದೇ ದೀಪ ಆರುತ್ತಿತ್ತು. ಅದ್ಭುತವಾದ ಕಲ್ಪನೆ. ಆದರೂ ಈ ಮಾದರಿಯಲ್ಲಿ ಕಲಾವಿದ ಬೇಡುವವನು, ಎಂಜಿನಿಯರ್ ಮಾಡಿಕೊಡುವವನು. ಪ್ರದರ್ಶನ ಮುಗಿದ ಮೇಲೆ ವಿದ್ಯೆ ಯಾರ ಬಳಿ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ.

ಆ ಸಂಜೆಗಳಲ್ಲಿ ಭಾಗವಹಿಸಿದ್ದ ಡೇವಿಡ್ ಟ್ಯೂಡರ್ ಪಿಯಾನೋ ಬಿಟ್ಟು ತಮ್ಮದೇ ಸರ್ಕ್ಯೂಟುಗಳತ್ತ ಹೊರಳಿದವರು. 1969ರಲ್ಲಿ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಮೂಗ್ ಸಿಂಥಸೈಸರ್ ಇರುವ ಸ್ಟುಡಿಯೋ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಜಿನ್‌ರಾಜ್ ಜೋಶಿಪುರ, ಐ.ಎಸ್. ಮಾಥುರ್, ಎಸ್.ಸಿ. ಶರ್ಮ, ಅತುಲ್ ದೇಸಾಯಿ ಅಲ್ಲಿ ಹಿಂದೆಂದೂ ಕೇಳಿರದ ನಾದಗಳನ್ನು ಹುಡುಕಿದರು. ಅದೇ ವರ್ಷ ಮುಂಬಯಿಯಲ್ಲಿ ಚಿತ್ರಕಾರ ಅಕ್ಬರ್ ಪದಮ್‌ಸೀ ತಮಗೆ ಬಂದ ನೆಹರೂ ಫೆಲೋಶಿಪ್ಪಿನ ಹಣದಿಂದ 'ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್' ತೆರೆದು, ಕ್ಯಾಮೆರಾ ಮತ್ತು ಡಾರ್ಕ್‌ರೂಮನ್ನು ನಳಿನಿ ಮಲಾನಿಯಂಥ ಎಳೆಯರ ಕೈಗೆ ಕೊಟ್ಟರು. ಎರಡೂ ಕೆಲವೇ ವರ್ಷಗಳಲ್ಲಿ ನಿಂತವು. ಅಹಮದಾಬಾದಿನ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಇದ್ದು, ಸಂಗೀತಗಾರ ಪಾಲ್ ಪರ್ಗಾಸ್ ಅವರ ಶ್ರಮದಿಂದ 2023ರಲ್ಲಿ ಆಲ್ಬಂ ಆಗಿ ಹೊರಬಂದವು. ನಮ್ಮ ಮಕ್ಕಳು ಎಲೆಕ್ಟ್ರಾನಿಕ್ ಸಂಗೀತ ಬರೀ ಪಶ್ಚಿಮದವರದ್ದೆಂದೇ ತಿಳಿದು ಬೆಳೆದರಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

ಈ ಕಲೆಯ ಇನ್ನೊಂದು ಬೇರು ಸಂಸ್ಥೆಗಳಾಚೆ ಇದೆ. ಅಮೆರಿಕದ ರೀಡ್ ಗಜಾಲಾ 60ರ ದಶಕದಲ್ಲಿ ಇನ್ನೂ ಹುಡುಗ. ಮೇಜಿನ ಡ್ರಾಯರಿನಲ್ಲಿದ್ದ ಅವರ ಆಟಿಕೆಯಂಥ ಆಂಪ್ಲಿಫೈಯರ್ ಲೋಹಕ್ಕೆ ತಾಗಿ ಶಾರ್ಟ್ ಆಗಿ ವಿಚಿತ್ರ ಸ್ವರ ಹೊರಡಿಸಿತು. ಮಾತಾಡುವ ಗೊಂಬೆ, ಅಗ್ಗದ ಕೀಬೋರ್ಡ್‌ಗಳ ಒಳಗೆ ಬೇಕೆಂದೇ ಹೊಸ ತಂತಿ ಬೆಸೆದು ನಾದ ತೆಗೆಯುವ 'ಸರ್ಕ್ಯೂಟ್ ಬೆಂಡಿಂಗ್' ಬೆಳೆದದ್ದು ಅಲ್ಲಿಂದ. ಕಲಾವಿದ ಕೋರಿ ಆರ್ಕೇಂಜೆಲ್ 2002ರಲ್ಲಿ ಮಾರಿಯೋ ವಿಡಿಯೋ ಗೇಮಿನ ಕಾರ್ಟ್ರಿಜ್ ಬಿಚ್ಚಿ, ಚಿಪ್ ಬದಲಿಸಿ, ನೀಲಿ ಆಕಾಶದಲ್ಲಿ ತೇಲುವ ಮೋಡಗಳನ್ನಷ್ಟೇ ಉಳಿಸಿದ್ದು ಇದೇ ಜಾತಿಯ ಕೆಲಸ.

ನಿಜವಾದ ತಿರುವು ಬಂದದ್ದು 2001ರಿಂದ 2005ರ ನಡುವೆ. ಎಂಐಟಿಯಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಚಿತ್ರಕಾರರಿಗೆಂದೇ 'ಪ್ರೊಸೆಸಿಂಗ್' ಎಂಬ ಉಚಿತ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಇಟಲಿಯ ಇವ್ರೇಯಾದ ವಿನ್ಯಾಸ ಶಾಲೆಯಲ್ಲಿ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೋ ಬಾರಾಗನ್ ಅದರ ಸರಳತೆಯನ್ನು ಯಂತ್ರಾಂಶಕ್ಕೆ ತಂದು 'ವೈರಿಂಗ್' ಎಂಬ ವೇದಿಕೆ ರೂಪಿಸಿದರು. ಅದರ ಮೇಲೆ 2005ರಲ್ಲಿ ಮಾಸ್ಸಿಮೋ ಬಾಂಜಿ ಮತ್ತು ಗೆಳೆಯರು ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಕಟ್ಟಿದರು. ಕೀರ್ತಿಯ ದೊಡ್ಡ ಪಾಲು ಆರ್ಡುಯಿನೋಗೆ ಹೋಯಿತು. ಬಾರಾಗನ್ ಹೆಸರು ಅದರ ಜೊತೆಗೇ ಬರಬೇಕಿತ್ತು. ಆರ್ಡುಯಿನೋ ತಂಡ ಮಾಡಿದ ದೊಡ್ಡ ಕೆಲಸವೆಂದರೆ ಬೋರ್ಡಿನ ನಕ್ಷೆಯನ್ನೇ ಬಹಿರಂಗಪಡಿಸಿದ್ದು. ಇವ್ರೇಯಾ ಶಾಲೆ ಮುಚ್ಚುವ ಹೊತ್ತಿನಲ್ಲಿ ಕೆಲಸ ಯಾರದೋ ಸ್ವತ್ತಾಗಿ ಮೂಲೆ ಸೇರದಿರಲೆಂಬ ಎಚ್ಚರವೂ ಅದರ ಹಿಂದಿತ್ತು. ಯಾರು ಬೇಕಾದರೂ ನಕಲು ಮಾಡಬಹುದಾದ್ದರಿಂದಲೇ ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದರ ನಕಲು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಲಾಶಾಲೆಯ ವಿದ್ಯಾರ್ಥಿ ಎಂಜಿನಿಯರನ್ನು ಕಾಯಬೇಕಿಲ್ಲ.

ಈ ಮುಕ್ತತೆಯ ಫಲ ನೋಡಬೇಕಾದರೆ 2009ರ 'ಐರೈಟರ್' ನೋಡಬೇಕು. ಲಾಸ್ ಏಂಜಲೀಸಿನ ಗೋಡೆ ಚಿತ್ರಕಾರ ಟೆಂಪ್ಟ್ ಒನ್ ಎಎಲ್‌ಎಸ್ ರೋಗದಿಂದ ಕಣ್ಣುಗಳನ್ನು ಬಿಟ್ಟು ಮೈಯೆಲ್ಲ ಚಲನೆ ಕಳೆದುಕೊಂಡಿದ್ದರು. ಝ್ಯಾಕ್ ಲೀಬರ್‌ಮನ್, ಇವಾನ್ ರಾತ್ ಮೊದಲಾದ ಕಲಾವಿದರು ಅಗ್ಗದ ಕನ್ನಡಕದ ಚೌಕಟ್ಟಿಗೆ ವಿಡಿಯೋ ಗೇಮಿನ ಕ್ಯಾಮೆರಾ ಕಟ್ಟಿ, ಕಣ್ಣಿನ ಚಲನೆಯನ್ನು ಗೆರೆಯಾಗಿಸುವ ತಂತ್ರಾಂಶ ಬರೆದರು. ಬಿಡಿಭಾಗಗಳ ಖರ್ಚು ಸುಮಾರು 50 ಡಾಲರ್. ಆಸ್ಪತ್ರೆಯ ಹಾಸಿಗೆಯಿಂದಲೇ ಟೆಂಪ್ಟ್ ಬಿಡಿಸಿದ್ದು ಊರಿನ ಕಟ್ಟಡದ ಮೇಲೆ ಬೆಳಕಾಗಿ ಮೂಡಿತು. ತಯಾರಿಸುವ ವಿಧಾನವನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು.

ಅದೇ ವರ್ಷ ಬೆಂಗಳೂರಿನ ಕಲಾವಿದ ಯಶಸ್ ಶೆಟ್ಟಿ, ಮಾರ್ಕ್ ಡುಸ್ಸೈಲರ್ ಮತ್ತು ಆಂಡಿ ಗ್ರೇಸಿ ಜೊತೆ ಜೀವವಿಜ್ಞಾನದ ಸಲಕರಣೆಗಳನ್ನು ತಾವೇ ಮಾಡಿಕೊಳ್ಳುವವರ 'ಹ್ಯಾಕ್ಟೀರಿಯಾ' ಜಾಲ ಕಟ್ಟಿದರು. ವೆಬ್‌ಕ್ಯಾಮಿನ ಮಸೂರವನ್ನು ತಿರುಗಿಸಿ ಕೂರಿಸಿದರೆ ಅದು ಸೂಕ್ಷ್ಮದರ್ಶಕವಾಗುತ್ತದೆ; ಕೊಳದ ನೀರಿನ ಜೀವಿಗಳು ಪರದೆಯ ಮೇಲೆ ಈಜುತ್ತವೆ. ಯಶಸ್ ಜೊತೆ ಬೆಂಗಳೂರಿನ ಸೃಷ್ಟಿ ಶಾಲೆಯ ಕಲಾ ವಿದ್ಯಾರ್ಥಿಗಳು ಜಿಯೋಸ್ಮಿನ್ ಸೂಸುವಂತೆ ಇ. ಕೊಲೈ ಬ್ಯಾಕ್ಟೀರಿಯಾವನ್ನು ಮಾರ್ಪಡಿಸಿ, ಎಂಐಟಿಯ ಐಜೆಮ್ ಎಂಬ ಜೀವವಿಜ್ಞಾನ ಸ್ಪರ್ಧೆಗೆ ಒಯ್ದರು. ಮೊದಲ ಮಳೆಗೆ ನೆಲದಿಂದ ಏಳುವ ಘಮಲಿನ ಮೂಲ ಈ ಜಿಯೋಸ್ಮಿನ್. ಮುಂಗಾರಿಗೆ ಕಾಯುವ ನಾಡಿನ ಮಕ್ಕಳಿಗೆ ಮಾತ್ರ ಹೊಳೆಯಬಹುದಾದ ಕೃತಿ ಇದು ಎಂಬ ಹೆಮ್ಮೆ ನನಗಿದೆ.

ಈಗ ಪೆಟ್ಟಿಗೆಗಳು ಮತ್ತೆ ಮುಚ್ಚುತ್ತಿವೆ. ಫೋನಿಗೆ ಸ್ಕ್ರೂ ಕಾಣುವುದಿಲ್ಲ, ಎಐ ಎಲ್ಲೋ ದೂರದ ಸರ್ವರ್‌ನಲ್ಲಿ ಕೂತಿರುತ್ತದೆ. ಪದ ಟೈಪಿಸಿ ಚಿತ್ರ ಪಡೆಯುವುದನ್ನೇ ಪ್ರಯೋಗ ಎನ್ನಲು ನನ್ನ ಮನಸ್ಸು ಒಪ್ಪದು. ಬ್ರಿಟನ್ನಿನ ಕಲಾವಿದೆ ಆನಾ ರಿಡ್ಲರ್ ಬೇರೆ ದಾರಿ ತೋರಿಸಿದ್ದಾರೆ. 2018ರಲ್ಲಿ ಅವರು ಸುಮಾರು 10,000 ಟುಲಿಪ್ ಹೂಗಳನ್ನು ತಾವೇ ಫೋಟೋ ತೆಗೆದು, ಪ್ರತಿಯೊಂದರ ಬಣ್ಣ, ಪಟ್ಟೆ, ಅರಳಿದ ಹದವನ್ನು ಕೈಯಾರೆ ಬರೆದು, ಆ ದತ್ತಾಂಶದಿಂದಲೇ ಯಂತ್ರಕ್ಕೆ ಕಲಿಸಿದರು. ಆ ಫೋಟೋಗಳನ್ನೂ ಕೈಬರಹವನ್ನೂ ಸ್ವತಂತ್ರ ಕೃತಿಯಾಗಿಯೇ ಗೋಡೆಗೆ ಹಚ್ಚಿದ್ದಾರೆ. ಯಂತ್ರ ಏನನ್ನು ನೋಡಿ ಕಲಿಯಿತು ಎಂಬುದನ್ನು ನೋಡುಗರು ಹೂವು ಹೂವಾಗಿ ಓದಬಹುದು.