ಕೇಳುವ ಆಸೆ

ಸರ್ಕಾರಿ ಆಸ್ಪತ್ರೆಯ ಬೋರ್ಡಿನಲ್ಲಿ ‘ಶುಶ್ರೂಷಾಧಿಕಾರಿ’ ಎಂದು ಬರೆದಿರುತ್ತದೆ. ಕೆಳಗೆ ನಿಂತವರು ಮಾತ್ರ ‘ಸಿಸ್ಟರ್, ಡ್ರಿಪ್ ಮುಗೀತು’ ಎಂದು ಕೂಗುತ್ತಾರೆ. ಮನೆಗಳಲ್ಲಂತೂ ಆ ಪದ ಕಿವಿಗೆ ಬೀಳುವುದೇ ಇಲ್ಲ. ಅಲ್ಲಿ ‘ಯಾರು ನೋಡ್ಕೋತಾರೆ?’ ಎನ್ನುವುದೊಂದೇ ಮಾತು. ಎರಡು ಶ, ಒಂದು ಷ ಸೇರಿ ನಾಲಿಗೆ ತೊಡರಿಸುವ ಈ ಪದ ಬೋರ್ಡಿಗಷ್ಟೇ ಲಾಯಕ್ಕು ಎಂದುಕೊಂಡಿದ್ದೆ.

ಬಿಡಿಸಿ ನೋಡಿದಾಗ ಬೆರಗಾಯಿತು. ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ಶುಶ್ರೂಷೆ ಎಂದರೆ ಕೇಳಬೇಕೆಂಬ ಆಸೆ. ತಿಳಿಯುವ ಆಸೆ ಜಿಜ್ಞಾಸೆ, ಬಿಡುಗಡೆಯ ಆಸೆ ಮುಮುಕ್ಷೆ ಆದ ಹಾಗೆ. ‘ಚಿಕಿತ್ಸೆ’ ಕೂಡ ಇದೇ ಅಚ್ಚಿನಲ್ಲಿ ಎರಕವಾದದ್ದು.

ಗುರುವಿನ ಮಾತು ಕೇಳುವ ಆಸೆ ಬರಬರುತ್ತ ವಿಧೇಯತೆಯಾಯಿತು, ಆಮೇಲೆ ಸೇವೆಯಾಯಿತು. ಕನ್ನಡದ ‘ಕೇಳು’ ಕೂಡ ಆ ದಾರಿ ತುಳಿದಿದೆ: ‘ಮಾತು ಕೇಳೋ ಮಗು’ ಎಂದರೆ ಹೇಳಿದಂತೆ ಮಾಡುವ ಮಗು. ದಾರಿಯಲ್ಲಿ ಕತ್ತಲೂ ಇದೆ. ಮನುಸ್ಮೃತಿ ಶೂದ್ರರಿಗೆ ವಿಧಿಸಿದ ಕೆಲಸದ ಹೆಸರೂ ಶುಶ್ರೂಷೆಯೇ. ಇವತ್ತಿಗೂ ಹಾಸಿಗೆ ಹಿಡಿದವರ ಬೆಡ್‌ಪ್ಯಾನ್ ಸಾಮಾನ್ಯವಾಗಿ ಸೊಸೆಯ ಕೈಗೇ ಬರುತ್ತದೆ. ಅದನ್ನು ‘ಪುಣ್ಯದ ಕೆಲಸ’ ಎಂದು ಹೊಗಳುವವರು ಹಜಾರದಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಚಿಕ್ಕಪ್ಪನ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಾಗ ಒಂದು ರಾತ್ರಿ ಅವರ ಜೊತೆ ನಾನಿದ್ದೆ. ‘ಯಾವ ಪಾಪ ಮಾಡಿದ್ನೋ?’ ಎಂದರು. ‘ಹಾಗೆಲ್ಲ ಅನ್ಬೇಡಿ ಚಿಕ್ಕಪ್ಪ, ದೇವರಿದ್ದಾನೆ, ಹುಷಾರಾಗ್ತೀರಿ’ ಎಂದೆ. ಅವರು ಗೋಡೆಯ ಕಡೆ ಮಗ್ಗುಲಾದರು. ಮರುರಾತ್ರಿ ಅದೇ ಮಾತು ಚಿಕ್ಕಮ್ಮನ ಮುಂದೆ ಬಂತು. ಒದ್ದೆ ಹತ್ತಿಯಿಂದ ಅವರ ತುಟಿ ಒರೆಸುತ್ತಿದ್ದ ಚಿಕ್ಕಮ್ಮ, ‘ಯಾಕ್ರೀ, ಏನು ನೆನಪಾಯ್ತು?’ ಎಂದರು, ಅಷ್ಟೇ. ಹಾಲು ಬತ್ತಿದ ಹಸುವನ್ನು ಎಂದೋ ಸಂತೆಗೆ ಹೊಡೆದದ್ದು, ಅದು ತಿರುತಿರುಗಿ ನೋಡಿದ್ದು, ಎಲ್ಲ ಹೊರಬಂತು. ಚಿಕ್ಕಮ್ಮ ಸಮಾಧಾನ ಹೇಳಲಿಲ್ಲ. ‘ಗೌರಿ ಅಲ್ವಾ, ನಂಗೂ ನೆನಪಿದೆ’ ಎಂದರು. ಎರಡೂ ರಾತ್ರಿ ಕೊಟ್ಟದ್ದು ಅದೇ ಮಾತ್ರೆ. ನಿದ್ದೆ ಬಂದದ್ದು ಎರಡನೆಯ ರಾತ್ರಿ.

ಕೊನೆಗಾಲದ ರೋಗಿಗಳ ಆರೈಕೆಗೆಂದೇ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದು ಆಮೇಲೆ ಡಾಕ್ಟರಾದವರು. ಸಾವಿನಂಚಿನವರ ಮಾತಿಗೆ ಕಿವಿಗೊಟ್ಟು ಅವರು ಕಂಡುಕೊಂಡದ್ದು ‘ಇಡಿಯಾದ ನೋವು’: ದೇಹದ್ದು, ಮನಸ್ಸಿನದು, ಸಂಸಾರದ್ದು, ಆತ್ಮದ್ದು, ಎಲ್ಲ ಒಂದರೊಳಗೊಂದು ಹೆಣೆದುಕೊಂಡದ್ದು. ಬೆಂಗಳೂರಿನ ಮಾರತಹಳ್ಳಿಯ ಬಳಿ 1999ರಿಂದ ನಡೆದಿರುವ ಕರುಣಾಶ್ರಯ, ಕ್ಯಾನ್ಸರ್ ಕೈಮೀರಿದವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಚಿಕಿತ್ಸೆ ಮುಗಿದಲ್ಲಿ ಶುಶ್ರೂಷೆ ಮುಗಿಯುವುದಿಲ್ಲ ಎಂಬುದಕ್ಕೆ ಇಂಥ ಮನೆಗಳೇ ಸಾಕ್ಷಿ. ರೋಗಿಯ ಅಧ್ಯಾತ್ಮವೆಂದರೆ ಭಜನೆ, ತೀರ್ಥ, ವಿಭೂತಿಯಷ್ಟೇ ಎಂದುಕೊಂಡ ನಮಗೆ ಗೌರಿ ಹಸುವೂ ಅದರೊಳಗೇ ಇದ್ದಾಳೆಂದು ಹೊಳೆಯುವುದಿಲ್ಲ.

ನಮ್ಮ ‘ಕೇಳು’ವಿಗೆ ಸಂಸ್ಕೃತದ ‘ಶ್ರು’ವಿಗಿಲ್ಲದ ಇನ್ನೊಂದು ಭಾಗ್ಯವಿದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ಚಿಕ್ಕಮ್ಮ ಎರಡನ್ನೂ ಮಾಡಿದ್ದರು.

ಮುಂದಿನ ಸಲ ಮೂಸಂಬಿ ಹಿಡಿದು ರೋಗಿಯನ್ನು ನೋಡಲು ಹೋದಾಗ ದೇವರ ಪರವಾಗಿ ವಕಾಲತ್ತು ವಹಿಸಬೇಡಿ. ಕುರ್ಚಿ ಹತ್ತಿರಕ್ಕೆಳೆದು ಕೂತು ಕೇಳಿ. ಹೊರಡುವ ಮುಂಚೆ ಒಮ್ಮೆ ಅಡುಗೆಮನೆಗೂ ಹೋಗಿ, ‘ನೀವು ಊಟ ಮಾಡಿದ್ರಾ?’ ಎಂದು ಅಲ್ಲಿರುವವರನ್ನೂ ಕೇಳಿ.